ಶಿರೀನ್ ಟಾಕೀಸಿನ ಮ್ಯಾಟಿನಿ

ಬೈಕುಲ್ಲಾದ ಶಿರೀನ್ ಟಾಕೀಸನ್ನು ಕೆಡವುತ್ತಾರೆ ಎಂಬ ಸುದ್ದಿಯನ್ನು ಮಹಾದೇವಿಗೆ ತಂದವಳು ಮಾಧುರಿ ಎಂಬ ಹುಡುಗಿ. ಜನವರಿಯ ಒಂದು ಮಧ್ಯಾಹ್ನ ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿಕೊಂಡು ಚೆಂಬೂರಿನ ಮನೆ ಹುಡುಕಿಕೊಂಡು ಬಂದಳು. ಅವಳ ತಂದೆ ಧಾರವಾಡದ ಕಡೆಯ ಬಟ್ಟೆ ವ್ಯಾಪಾರಿ. ಅವಳು ಮಾತ್ರ ಹುಟ್ಟಿದ್ದು, ಬೆಳೆದದ್ದು ಎಲ್ಲ ಮುಂಬಯಿಯಲ್ಲೇ.

"ಆಂಟಿ, ಕನ್ನಡ ನನಗ ಪೂರಾ ಸಮಜ್ ಆಗ್ತದ, ಬೋಲ್‌ನಾ ಥೋಡಾ ವೀಕ್," ಎಂದು ನಾಚಿಕೊಂಡು ನಕ್ಕಳು. "ನೀವು ಕನ್ನಡದಾಗೇ ಹೇಳ್ರಿ. ಶಿರೀನ್‌ದಾಗ ನೀವು ಎಷ್ಟು ವರ್ಷ ಇದ್ರಿ?"

"ಇಪ್ಪತ್ತೊಂಬತ್ತು ವರ್ಷವ್ವ. ಬಾಗಲಾ ಹಾಕೂತನಕ ಇದ್ದೆ."

ಜಾಗವನ್ನು ಒಬ್ಬ ಬಿಲ್ಡರ್ ತೆಗೆದುಕೊಂಡಿದ್ದನಂತೆ. ನಲವತ್ತು ಮಾಳಿಗೆಯ ಟವರ್ ಬರುವುದಂತೆ. ಕೆಡವುವ ಮೊದಲು ಒಂದು ಭಾನುವಾರ ಹಳೆಯ ಪ್ರೇಕ್ಷಕರನ್ನೂ ಕೆಲಸಗಾರರನ್ನೂ ಸೇರಿಸಿ ನೆನಪಿನ ಕಾರ್ಯಕ್ರಮ ಮಾಡುತ್ತಾರೆ, ಅದರದ್ದೊಂದು ಫಿಲ್ಮ್ ಕೂಡ ಆಗುತ್ತದೆ ಎಂದು ಮಾಧುರಿ ವಿವರಿಸಿದಳು. ಹಳೆಯ ಕೆಲಸಗಾರರಲ್ಲಿ ಸಿಕ್ಕವರೇ ನಾಲ್ಕು ಮಂದಿ.

ಮಹಾದೇವಿಗೆ ಅರವತ್ತಾರು ವರ್ಷ. ಮಗಳು ನಾಗರತ್ನಾ ಮತ್ತು ಅಳಿಯನ ಜೊತೆ ಇದ್ದಳು. ಇಷ್ಟು ವರ್ಷದಲ್ಲಿ ಅವಳ ನೌಕರಿಯ ಬಗ್ಗೆ ಯಾರೂ ಹೀಗೆ ಎದುರು ಕುಳಿತು ಕೇಳಿರಲಿಲ್ಲ. ಹಾಗಾಗಿ ಹೇಳಿದಳು. ಹಳೆಯ ಪಾರ್ಸಿ ಮಾಲೀಕ ಹೆಂಡತಿಯ ಹೆಸರಿಟ್ಟು ಕಟ್ಟಿಸಿದ ಟಾಕೀಸು. ಮುಂದೆ ಅಮೃತಶಿಲೆಯ ಮೆಟ್ಟಿಲು, ಸಾಗವಾನಿಯ ಕಟಕಟೆ, ಮೆಟ್ಟಿಲು ತಿರುಗುವಲ್ಲಿ ಮಾಡಿಗೆ ಮುಟ್ಟುವಷ್ಟು ದೊಡ್ಡ ಕನ್ನಡಿ. ಕೆಲಸಗಾರರು ಆ ಮೆಟ್ಟಿಲು ಹತ್ತುವಂತಿರಲಿಲ್ಲ, ಅವರಿಗೆ ಹಿಂದೆ ಕಬ್ಬಿಣದ ಸುತ್ತುಮೆಟ್ಟಿಲಿತ್ತು. ಮಹಾದೇವಿಯ ಡ್ಯೂಟಿ ಕೆಳಗೆ ಹೆಂಗಸರ ಕಡೆ. ತಿಕೀಟು ಹರಿಯುವುದು, ಬ್ಯಾಟರಿ ಬಿಟ್ಟು ಕುರ್ಚಿ ತೋರಿಸುವುದು, ಅಳುವ ಕೂಸುಗಳನ್ನು ಎತ್ತಿಕೊಂಡು ಹೊರಗೆ ನಿಲ್ಲುವುದು.

"ಪಿಚ್ಚರ್ ನೋಡಾಕ ಬರ್ತಿದ್ರು ಅಂತ ಮಂದಿ ತಿಳಕೊಂಡಾರ," ಎಂದಳು. "ಅರ್ಧಾ ಹೆಂಗಸ್ರು ಅಳಾಕ ಬರ್ತಿದ್ರು. ಮನ್ಯಾಗ ಅಳಾಕ ಜಾಗಾ ಎಲ್ಲಿತ್ತವ್ವ? ಒಂದ ಖೋಲ್ಯಾಗ ಹತ್ತು ಮಂದಿ. ಕತ್ತಲದಾಗ ಕುಂತು ಅತ್ತು, ಮಾರಿ ಒರಸ್ಕೊಂಡು ಹೋಗ್ತಿದ್ರು. ಅಲ್ಲೀತನಕ ಅವರ ಕೂಸು ನನ್ನ ಹೆಗಲ ಮ್ಯಾಲ."

ಮಾಧುರಿಯ ಕಣ್ಣು ಒದ್ದೆಯಾದವು. ಅವನ್ನು ಒರೆಸಿಕೊಂಡು, "ನಿಮ್ಮ ಹಸ್ಬೆಂಡ್ ಕೂಡ ಅಲ್ಲೇ ಇದ್ರಲ್ಲಾ?" ಎಂದು ಕೇಳಿದಳು.

ಬಸವಂತಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಗಿರಣಿ ಕೆಲಸಕ್ಕೆಂದು ಮುಂಬಯಿಗೆ ಬಂದವನನ್ನು ಶಿರೀನ್ ಟಾಕೀಸಿಗೆ ಸೇರಿಸಿದವರು ಅದೇ ತಾಲೂಕಿನ ಸಿದ್ದಲಿಂಗಪ್ಪ, ಟಾಕೀಸಿನ ಮ್ಯಾನೇಜರ್. ಪಿಚ್ಚರ್ ಓಡಿಸುವ ಮಷೀನಿನ ಕೆಲಸ ಕಲಿತು ಬಸವಂತಪ್ಪ ಮೂರು ವರ್ಷದಲ್ಲಿ ಆಪರೇಟರ್ ಆದ. ಮದುವೆಯಾದ ಮೇಲೆ ಹೆಂಡತಿಗೂ ಅಲ್ಲೇ ಕೆಲಸ ಸಿಕ್ಕಿತು, ಟಾಕೀಸಿನ ಹಿಂದೆ ಇರಲು ಒಂದು ಖೋಲಿಯೂ ಸಿಕ್ಕಿತು. ಮೇಲಿನ ಕ್ಯಾಬಿನ್ನಿನಲ್ಲಿ ಎರಡು ಮಷೀನು, ನಡುವೆ ಒಂದು ಸ್ಟೂಲು. ಮಷೀನಿನೊಳಗೆ ಬೆಳಕಿಗಾಗಿ ಉರಿಯುವ ಕಾರ್ಬನ್ ಕಡ್ಡಿ ಬದಲಿಸಿ ಬದಲಿಸಿ ಅವನ ಬೆರಳ ತುದಿಗಳೆಲ್ಲ ಸುಟ್ಟಿದ್ದವು. ರಜೆಯ ದಿನ ಖೋಲಿಯಲ್ಲಿ ಊಟಕ್ಕೆ ಕುಳಿತಾಗಲೂ ಗೋಡೆಯಾಚೆಯ ಸಪ್ಪಳ ಕೇಳುತ್ತ, "ಕಡ್ಡಿ ತೀರಾಕ ಬಂದೈತಿ, ಅವಂಗ ಲಕ್ಷ್ಯ ಇಲ್ಲ," ಎನ್ನುತ್ತಿದ್ದ. ಕ್ಯಾಬಿನ್ನಿನ ಕಿಂಡಿಯಿಂದ ನೋಡಿದರೆ ಕೆಳಗೆ ಹೆಂಗಸರ ಕಡೆ ಅವಳ ಬ್ಯಾಟರಿಯ ಬೆಳಕು ಓಡಾಡುವುದು ಕಾಣುತ್ತಿತ್ತಂತೆ.

"ತೊಂಬತ್ತನೇ ಇಸವಿ, ಮಾರ್ಚ್ ತಿಂಗಳು," ಎಂದಳು ಮಹಾದೇವಿ. "ಒಂದು ಪಿಚ್ಚರಿಗೆ ಇಪ್ಪತ್ತೈದು ವಾರ ತುಂಬಿತ್ತು. ಐತವಾರ ಮ್ಯಾಟಿನಿ, ಹೌಸ್‌ಫುಲ್. ಆಟ ಬಿಟ್ಟ ಮ್ಯಾಲ ಮ್ಯಾನೇಜರ್ ಅಣ್ಣಾರು ನನ್ನ ಮ್ಯಾಲ ಕರದ್ರು. ಎದಿ ನೋವು ಬಂದು ಈಗ ಹ್ವಾದ, ಎರಡ ನಿಮಿಷನೂ ಆಗಲಿಲ್ಲ ಅಂದ್ರು. ಪಿಚ್ಚರ್ ಪೂರಾ ಮುಗಿಸೇ ಹೋಗಿದ್ನವ್ವ ಅವ."

ಆಗ ಅವನಿಗೆ ಮೂವತ್ತೆಂಟು, ಅವಳಿಗೆ ಮೂವತ್ತೆರಡು, ನಾಗರತ್ನಾಗೆ ಎಂಟು. ಎರಡು ನಿಮಿಷವೂ ಆಗಲಿಲ್ಲ ಎಂಬ ಮಾತನ್ನು ಮಹಾದೇವಿ ಮೂವತ್ತನಾಲ್ಕು ವರ್ಷ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದಳು. ನರಳಲಿಲ್ಲ, ಯಾರ ಕೈಯಲ್ಲೂ ಏನೂ ಇರಲಿಲ್ಲ, ಹಿಡಿದ ಕೆಲಸ ಮುಗಿಸಿ ಹೋದ. ಮಗಳಿಗೂ ಹಾಗೆಯೇ ಹೇಳಿ ಬೆಳೆಸಿದ್ದಳು.

ಕಾರ್ಯಕ್ರಮ ಫೆಬ್ರವರಿಯ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ. ನಾಗರತ್ನಾ ಅವ್ವನಿಗೆ ಇಳಕಲ್ ಸೀರೆ ಉಡಿಸಿ ತಾನೇ ಕರೆದುಕೊಂಡು ಹೋದಳು. ಮುಚ್ಚಿ ಹದಿಮೂರು ವರ್ಷವಾಗಿದ್ದ ಟಾಕೀಸನ್ನು ಒಂದು ದಿನದ ಮಟ್ಟಿಗೆ ತೊಳೆದು ಸಿಂಗರಿಸಿದ್ದರು. ಕೆಳಗಿನ ಕುರ್ಚಿಗಳನ್ನೆಲ್ಲ ಕಿತ್ತು ಸಾಗಿಸಿಯಾಗಿತ್ತು, ಅಲ್ಲಿ ಬಿಳಿ ಬಟ್ಟೆ ಹೊದಿಸಿದ ಬಾಡಿಗೆ ಕುರ್ಚಿಗಳು. ಬಾಗಿಲಲ್ಲಿ ಕಾಗದದ ಪೊಟ್ಟಣದಲ್ಲಿ ಸಮೋಸ ಕೊಡುತ್ತಿದ್ದರು. ಚೆಂದದ ಬಟ್ಟೆ ತೊಟ್ಟ ಜನ ದೊಡ್ಡ ಕನ್ನಡಿಯ ಮುಂದೆ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಹಾದೇವಿ ಹಳೆಯ ರೂಢಿಯಂತೆ ಹಿಂದಿನ ಕಬ್ಬಿಣದ ಮೆಟ್ಟಿಲಿನ ಕಡೆಗೇ ತಿರುಗಿದಳು. ಅಲ್ಲಿ ತಗಡು ಹೊಡೆದು ದಾರಿ ಮುಚ್ಚಿದ್ದರು.

ಒಬ್ಬೊಬ್ಬರಾಗಿ ವೇದಿಕೆ ಹತ್ತಿ ನೆನಪು ಹೇಳಿದರು. ಒಬ್ಬರು ಕಾಲೇಜಿಗೆ ಚಕ್ಕರ್ ಹೊಡೆದು ಬಂದದ್ದು, ಇನ್ನೊಬ್ಬರು ಹೆಂಡತಿಯಾಗುವವಳನ್ನು ಮೊದಲ ಸಲ ಬಾಲ್ಕನಿಯಲ್ಲಿ ನೋಡಿದ್ದು. ಮಹಾದೇವಿಯ ಮಾತನ್ನೂ ಪರದೆಯ ಮೇಲೆ ತೋರಿಸಿದರು. ಅಳಲು ಬರುತ್ತಿದ್ದ ಹೆಂಗಸರ ಮಾತು ಬಂದಾಗ, ಪರದೆಯ ಕೆಳಗಿನ ಇಂಗ್ಲಿಷ್ ಅರ್ಥ ಓದಿಕೊಂಡ ಜನ ನಿಟ್ಟುಸಿರಿಟ್ಟರು. ನಾಗರತ್ನಾ ಅವ್ವನ ಕೈ ಒತ್ತಿದಳು.

ಕೊನೆಗೆ, ನಾಗರತ್ನಾ ಮನೆಯಿಂದ ಬಂದ ಫೋನು ಹಿಡಿದು ಹೊರಗೆ ಹೋಗಿದ್ದಾಗ, ಸಿದ್ದಲಿಂಗಪ್ಪನವರನ್ನು ಕರೆದರು. ಎಂಬತ್ತನಾಲ್ಕು ವರ್ಷ, ಬಿಳಿ ಸಫಾರಿ, ಕೈಯಲ್ಲಿ ವಾಕರ್. ಅವರನ್ನು ನೋಡಿ ಮಹಾದೇವಿಗೆ ಸಂತೋಷವೇ ಆಯಿತು. ಅವಳು ಹಿಂದಿನ ಸಾಲಿನಲ್ಲಿದ್ದಳು, ಅವರಿಗೆ ಅವಳು ಕಂಡಿರಲಿಲ್ಲ. ಶಾಲು ಹೊದಿಸಿ, ಹಾರ ಹಾಕಿ, ಕುಳ್ಳಿರಿಸಿ, ಕೈಗೆ ಮೈಕು ಕೊಟ್ಟರು. ಅವರು ಹಿಂದಿಯಲ್ಲಿ ಮಾತಾಡತೊಡಗಿದರು. ಒಂದೆರಡು ತಮಾಷೆಗೆ ಜನ ನಕ್ಕರು, ಅವರಿಗೆ ಹುರುಪು ಬಂತು.

"ಶಿರೀನ್ ಅಂದರೆ ಶಿಸ್ತು," ಎಂದರು. "ಒಂದು ಸಂಗತಿ ಹೇಳುತ್ತೇನೆ, ಇದನ್ನು ಎಲ್ಲೂ ಹೇಳಿಲ್ಲ. ಒಂದು ಪಿಚ್ಚರಿನ ಸಿಲ್ವರ್ ಜುಬಿಲಿಯ ದಿನ ಇಂಟರ್ವಲ್‌ಗೆ ಐದು ನಿಮಿಷ ಇದೆ ಅನ್ನುವಾಗ ನಮ್ಮ ಆಪರೇಟರ್ ಬಸವಂತ ಕ್ಯಾಬಿನ್ನಿನಲ್ಲೇ ತೀರಿಹೋದ. ಒಳಗೆ ಒಂಬೈನೂರು ಜನ. ನಾನು ಬಾಗಿಲಿಗೆ ಬೀಗ ಹಾಕಿದೆ, ಪಕ್ಕದ ಟಾಕೀಸಿನ ಆಪರೇಟರನ್ನು ಕರೆಸಿದೆ, ಮುಂದಿನ ಅರ್ಧ ಓಡಿಸಿದೆ. ಒಬ್ಬ ಪ್ರೇಕ್ಷಕನಿಗೂ ಗೊತ್ತಾಗಲಿಲ್ಲ. ಪರದೆ ಒಂದು ಕ್ಷಣವೂ ಕಪ್ಪಾಗಲಿಲ್ಲ!"

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ನಂತರ ಎಲ್ಲರೂ ಎದ್ದು ನಿಂತು ತಟ್ಟಿದರು.

ಮಹಾದೇವಿ ಏಳಲಿಲ್ಲ. ಆ ದಿನದ ಇಂಟರ್ವಲ್ ಅವಳಿಗೆ ಚೆನ್ನಾಗಿ ನೆನಪಿತ್ತು. ದಿನದಂತೆ ಕ್ಯಾಂಟೀನಿನ ಅಂಗಾರನ ಕೈಯಲ್ಲಿ ಗಂಡನಿಗೆ ಚಹಾ ಕಳಿಸಿದ್ದಳು. ಅಂಗಾರ ಗ್ಲಾಸು ಹಾಗೆಯೇ ವಾಪಸು ತಂದು, ಬಾಗಿಲಿಗೆ ಬೀಗ ಇದೆ, ಒಳಗೆ ಮಷೀನು ರಿಪೇರಿ ನಡೆದಿದೆ ಎಂದಿದ್ದ. ತಾನೇ ಮೇಲೆ ಹೋಗಬೇಕೆಂದು ಹೊರಟಾಗ ಸಿದ್ದಲಿಂಗಪ್ಪ ಎದುರಿಗೆ ಬಂದು, "ಇವತ್ತ ಲೇಡೀಸ್ ಕಡೆ ಭಾಳ ಗದ್ದಲ ಐತಿ ತಂಗಿ, ಅಲ್ಲೇ ಇರು," ಎಂದಿದ್ದರು. ಎಂದೂ ಇಲ್ಲದಷ್ಟು ಮೆತ್ತಗೆ ಹೇಳಿದ್ದರು. ಅವಳು ಮತ್ತೆ ಒಳಗೆ ಹೋಗಿ ಇನ್ನೂ ಒಂದೂಮುಕ್ಕಾಲು ಗಂಟೆ ಜನರಿಗೆ ಕುರ್ಚಿ ತೋರಿಸಿದ್ದಳು, ಯಾರದೋ ಕೂಸನ್ನು ತೂಗಿದ್ದಳು.

ಅಷ್ಟರಲ್ಲಿ ನಿರೂಪಕಿ ಕೈಯಲ್ಲಿದ್ದ ಚೀಟಿ ನೋಡಿ, ಆ ಬಸವಂತನ ಹೆಂಡತಿ ಇಲ್ಲೇ ನಮ್ಮ ನಡುವೆ ಇದ್ದಾರೆ ಎಂದು ಕೂಗಿದಳು. ಇಬ್ಬರು ಬಂದು ಮಹಾದೇವಿಯನ್ನು ತೋಳು ಹಿಡಿದು ವೇದಿಕೆಗೆ ಕರೆದೊಯ್ದರು. ಅವಳಿಗೂ ಒಂದು ಶಾಲು ಹೊದಿಸಿದರು. ಅವಳನ್ನು ನೋಡಿದ್ದೇ ಸಿದ್ದಲಿಂಗಪ್ಪನವರ ಮುಖ ಬಿಳುಪೇರಿತು.

"ಮಾಜೀ, ಹೆಮ್ಮೆ ಅನಿಸುತ್ತಿದೆಯೆ?" ಎಂದು ಹಿಂದಿಯಲ್ಲಿ ಕೇಳಿ ನಿರೂಪಕಿ ಮೈಕನ್ನು ಬಾಯಿಯ ಹತ್ತಿರ ಹಿಡಿದಳು.

ಮಹಾದೇವಿ ಅವಳ ಕಡೆ ನೋಡಲಿಲ್ಲ. "ಅಣ್ಣಾರ, ಇಂಟರ್ವಲ್ ಮೊದಲ ಹೋಗಿದ್ನಾ ಅವ?" ಎಂದು ಸಿದ್ದಲಿಂಗಪ್ಪನವರನ್ನು ಕೇಳಿದಳು. "ನನಗ ಯಾಕ ಹೇಳಲಿಲ್ರಿ? ನಾ ಕೆಳಗ ನಿಂತಿದ್ದೆ. ಮೂವತ್ತು ಮೆಟ್ಟಲಾ ಕೆಳಗ ನಿಂತಿದ್ದೆ. ನನ್ನ ಯಾಕ ಕರೀಲಿಲ್ಲ?"

ಮಾತು ಇಡೀ ಸಭಾಂಗಣಕ್ಕೆ ಕೇಳಿಸಿತು. ನೆರೆದ ಜನಕ್ಕೆ ಕನ್ನಡ ತಿಳಿಯಲಿಲ್ಲ. ಮುದುಕಿ ಗಂಡನನ್ನು ನೆನೆದು ಕೃತಜ್ಞತೆ ಹೇಳುತ್ತಿದ್ದಾಳೆಂದು ಭಾವಿಸಿ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಕ್ಯಾಮೆರಾದ ಹಿಂದೆ ನಿಂತಿದ್ದ ಮಾಧುರಿ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಆಮ್ಯಾಲ ಮಾತಾಡೋಣ ತಂಗಿ, ಆಮ್ಯಾಲ," ಎಂದರು ಸಿದ್ದಲಿಂಗಪ್ಪ, ತುಟಿ ಅಲುಗದಂತೆ. ಅವರ ಮಗ ಬಂದು ಅವರನ್ನು ಎಬ್ಬಿಸಿ ಕಾರಿನ ಕಡೆ ಕರೆದೊಯ್ದ.

ಬುಧವಾರ ಮಹಾದೇವಿ ಮಗಳಿಗೆ ಮಠಕ್ಕೆ ಹೋಗುತ್ತೇನೆಂದು ಹೇಳಿ ಒಬ್ಬಳೇ ಹೊರಟಳು. ಕುರ್ಲಾದಲ್ಲಿ ಒಮ್ಮೆ, ದಾದರಿನಲ್ಲಿ ಇನ್ನೊಮ್ಮೆ ಲೋಕಲ್ ಬದಲಿಸಿ ಬೊರಿವಲಿಗೆ ಬಂದಳು. ಸಿದ್ದಲಿಂಗಪ್ಪನವರು ಮಗನ ಜೊತೆ ಏಳನೇ ಮಾಳಿಗೆಯಲ್ಲಿದ್ದರು. ಸೊಸೆ ಬಾಗಿಲು ತೆಗೆದು, ಒಳಗೆ ಕರೆದು, ಚಹಾ ಮಾಡಲು ಹೋದಳು.

"ಕೂಡು ತಂಗಿ," ಎಂದರು ಅವರು.

"ಕೂಡಾಕ ಬಂದಿಲ್ರಿ. ಆ ದಿನದ್ದು ಪೂರಾ ಹೇಳ್ರಿ."

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನಾಕು ಗಂಟೇಕ್ಕ ಕ್ಯಾಬಿನ್ನಿನ ಗಂಟಿ ಹೊಡೀತು. ಮ್ಯಾಲ ಹ್ವಾದೆ. ಬಸವಂತ ನೆಲದ ಮ್ಯಾಲ ಕುಂತಿದ್ದ. ಮೈಯೆಲ್ಲಾ ಬೆವರು."

"ಮಾತಾಡ್ತಿದ್ನಾ?"

"ಮಾತಾಡ್ತಿದ್ದ."

"ಏನಂದ?"

"ಕಿಂಡಿ ಕಡೆ ಕೈ ಮಾಡಿದ. ಅಕಿನ್ನ ಕರೀರಿ, ದವಾಖಾನಿಗೆ ಹೋಗೋಣ ಅಂದ."

ದವಾಖಾನೆ ಅದೇ ರಸ್ತೆಯಲ್ಲಿತ್ತು, ನಡೆದು ಹೋದರೆ ಐದು ನಿಮಿಷ. ಮಹಾದೇವಿ ಗೋಡೆಗೆ ಕೈ ಕೊಟ್ಟು ನಿಂತಳು.

"ಮುಂದ?"

"ಎರಡನೇ ಆಪರೇಟರ್ ರಜಾದ ಮ್ಯಾಲ ಊರಿಗೆ ಹೋಗಿದ್ದ. ಇಂಟರ್ವಲ್‌ಗೆ ಒಂದ ರೀಲು ಉಳದಿತ್ತು. ಅದೊಂದು ಹಾಕಿಬಿಡು ಬಸವಂತ, ಆಮ್ಯಾಲ ಟ್ಯಾಕ್ಸಿ ತರಸ್ತೇನಿ, ಅಂದೆ."

"ಹಾಕಿದ್ನಾ?"

"ಹಾಕಿದ. ಗ್ವಾಡಿ ಹಿಡಕೊಂಡು ಎದ್ದು ಹಾಕಿದ. ಹಾಕಿ ಅಲ್ಲೇ ಮಲಗಿದ."

ಆ ಕೊನೆಯ ರೀಲಿನಲ್ಲಿ ಒಂದು ಹಾಡು ಬರುತ್ತಿತ್ತು. ಇಪ್ಪತ್ತೈದು ವಾರ ಕೇಳಿದ್ದರಿಂದ ಮಹಾದೇವಿಗೆ ಅದು ಬಾಯಿಪಾಠವಾಗಿತ್ತು. ಆ ದಿನವೂ ಹಾಡು ಬಂದಾಗ ಜನ ಸಿಳ್ಳೆ ಹೊಡೆದಿದ್ದರು. ಅವಳೂ ಬಾಗಿಲಿಗೆ ಒರಗಿ ಗುನುಗಿದ್ದಳು.

"ನನ್ನ ಪರಿಸ್ಥಿತಿನೂ ತಿಳಕೋ," ಎಂದರು ಸಿದ್ದಲಿಂಗಪ್ಪ. "ಬಾಲ್ಕನ್ಯಾಗ ಮಾಲಕರು, ಅವರ ಗೆಸ್ಟ್ ಮಂದಿ ಕುಂತಿದ್ರು. ಆಟ ನಿಂತಿದ್ರ ಮಂದಿ ಕುರ್ಚಿ ಮುರೀತಿದ್ರು. ನನ್ನ ನೌಕರಿ ಹೋಗ್ತಿತ್ತು. ನನಗೂ ಮೂರು ಮಕ್ಕಳಿದ್ವು."

"ನನಗ ಒಂದಿತ್ತು."

"ಆಮ್ಯಾಲ ನಾ ನಿನ್ನ ಕೈ ಬಿಟ್ಟೆ ಏನು? ಖೋಲಿ ಖಾಲಿ ಮಾಡಸಲಿಲ್ಲ. ನೌಕರಿ ಉಳಿಸಿದೆ. ನಾಗರತ್ನಾನ ಸಾಲಿಗೆ ಚೀಟಿ ಬರದ ಕೊಟ್ಟೆ. ಅದೆಲ್ಲಾ ಯಾಕ ಮಾಡಿದೆ ಅಂತ ತಿಳದಿದ್ದಿ?"

"ದೊಡ್ಡ ಮನಸ್ಸಿನವ್ರು ಅಂತ ತಿಳದಿದ್ದೆ."

ಸೊಸೆ ಚಹಾ ತಂದು ಮೇಜಿನ ಮೇಲಿಟ್ಟು, ಇಬ್ಬರ ಮುಖ ನೋಡಿ ಒಳಗೆ ಹೋದಳು. ಸಿದ್ದಲಿಂಗಪ್ಪನವರ ಕಣ್ಣಲ್ಲಿ ನೀರಿತ್ತು. ವಾಕರ್ ಹಿಡಿದು ಏಳಲು ನೋಡಿದರು, ಆಗಲಿಲ್ಲ. ಕುಳಿತಲ್ಲೇ ಕೈ ಜೋಡಿಸಿದರು.

"ಮಾಫ್ ಮಾಡು ತಂಗಿ. ನನಗೂ ಟೈಮ್ ಭಾಳ ಉಳದಿಲ್ಲ."

"ಇಲ್ರಿ," ಎಂದಳು ಮಹಾದೇವಿ. ತನ್ನ ದನಿ ಅಷ್ಟು ಸ್ಥಿರವಾಗಿರುವುದು ಅವಳಿಗೇ ವಿಚಿತ್ರವೆನಿಸಿತು. "ಟಾಕೀಸ್ ಮುಚ್ಚೂತನಕ ದಿನಾ ನನ್ನ ಮಾರಿ ನೋಡಿದ್ರಿ, ಆವಾಗ ಕೇಳಲಿಲ್ಲ. ಸ್ಟೇಜ್ ಮ್ಯಾಲ ಅವನ ಹೆಸರ ತಗದು ಚಪ್ಪಾಳಿ ತಗೊಂಡ್ರಿ. ಈಗ ನಾ ಮಾಫ್ ಮಾಡಿದ್ರ ಅದಕ್ಕೂ ಒಂದು ಶಾಲು ಹೊದಿಸ್ಯಾರು ನಿಮಗ. ನಾ ಮಾಡೂದಿಲ್ಲ. ನೀವು ಇರೂತನಕ ಮಾಡೂದಿಲ್ಲ, ಹ್ವಾದ ಮ್ಯಾಲೂ ಮಾಡೂದಿಲ್ಲ."

ಚಹಾ ಮುಟ್ಟದೆ ಹೊರಟಳು. ಲಿಫ್ಟಿನ ಗುಂಡಿ ಯಾವುದೆಂದು ತಿಳಿಯದೆ ಏಳು ಮಾಳಿಗೆ ಇಳಿದೇ ಬಂದಳು.

ಮಧ್ಯಾಹ್ನದ ಲೋಕಲ್ಲಿನಲ್ಲಿ ಹೆಂಗಸರ ಡಬ್ಬಿ ಬಹುತೇಕ ಖಾಲಿಯಿತ್ತು. ಅಂಧೇರಿ ದಾಟುವವರೆಗೆ ಅವಳಿಗೆ ಅಳು ಬರಲಿಲ್ಲ. ಆಮೇಲೆ ಪಂಚಮಿಯ ನೆನಪಾಯಿತು. ಮುಂಬಯಿಯಲ್ಲಿ ಅವಳಿಗೆ ಅಣ್ಣತಮ್ಮಂದಿರಿರಲಿಲ್ಲ. ಗಂಡ ಸತ್ತ ವರ್ಷದಿಂದ ಟಾಕೀಸು ಮುಚ್ಚುವವರೆಗೆ ಪ್ರತಿ ನಾಗರ ಪಂಚಮಿಗೂ ಎಳ್ಳುಂಡಿ, ಶೇಂಗಾದುಂಡಿ ಕಟ್ಟಿ, ಡಬ್ಬಿಯಲ್ಲಿ ತುಂಬಿ, ಸಿದ್ದಲಿಂಗಪ್ಪನವರ ಆಫೀಸಿಗೆ ಒಯ್ದು ಕೊಟ್ಟಿದ್ದಳು. ಕೊಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಳು. ಅವರು ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದ್ದರು. ಒಂದು ವರ್ಷವೂ ತಪ್ಪಿಸಿರಲಿಲ್ಲ. ಗಂಡ ಹಾಗೆ ಸತ್ತದ್ದಕ್ಕೆ ಬಂದ ಸಿಟ್ಟಿಗಿಂತ ದೊಡ್ಡ ಸಿಟ್ಟು ಅವಳಿಗೆ ಈಗ ಬಂತು, ಅದು ತನ್ನ ಮೇಲೆಯೇ ಬಂತು. ಎದುರು ಕುಳಿತ ಮೀನುಗಾರ ಹೆಂಗಸು, "ಕಾಯ್ ಝಾಲಾ ಮಾವಶಿ?" ಎಂದು ನೀರಿನ ಬಾಟಲಿ ಮುಂದೆ ಹಿಡಿದಳು.

ಮನೆಗೆ ಬಂದು ನಾಗರತ್ನಾಗೆ ಎಲ್ಲ ಹೇಳಿದಳು. ಮಗಳು ಅತ್ತಳು, ಕೂಗಾಡಿದಳು, ವಕೀಲರನ್ನು ಕಾಣೋಣ ಎಂದಳು. ವಕೀಲರನ್ನೂ ಕಂಡರು. ಕಾಗದವೇನಾದರೂ ಇದೆಯೇ, ಸಾಕ್ಷಿ ಯಾರಿದ್ದಾರೆ ಎಂದು ಅವರು ಕೇಳಿದರು. ವೇದಿಕೆಯ ಮೇಲೆ ಹೇಳಿದ್ದು ಸತ್ತ ನಂತರದ ಮಾತು, ಅದೊಂದೇ ಸಾಲದು ಎಂದರು. ಡಾಕ್ಟರ ಸರ್ಟಿಫಿಕೇಟಿನಲ್ಲಿ ಸಾವಿನ ಸಮಯ ಸಂಜೆ ಆರೂವರೆ ಎಂದು ಬರೆದಿತ್ತು. ಅಂಗಾರ ಊರಿಗೆ ಹೋಗಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಅಲ್ಲಿಗೆ ಮುಗಿಯಿತು.

ಉಳಿದದ್ದು ಮಾಧುರಿಯ ಫಿಲ್ಮ್. ಅದು ಜೂನಿನಲ್ಲಿ ಫೋನುಗಳಿಗೆ ಬಂತು. ಅಷ್ಟರಲ್ಲಿ ಟಾಕೀಸಿನ ಮಾಡು ಇಳಿಸಿಯಾಗಿತ್ತು. ನಾಗರತ್ನಾ ನೋಡಿದಳು, ಅವ್ವನಿಗೂ ತೋರಿಸಿದಳು. ಸಿದ್ದಲಿಂಗಪ್ಪನವರ ಮಾತು ಪೂರ್ತಿಯಿತ್ತು, ಬೀಗ ಹಾಕಿದ್ದೂ ಇತ್ತು. ಮಹಾದೇವಿ ಮೈಕಿನ ಮುಂದೆ ನಿಂತು ಮಾತಾಡುವುದೂ ಇತ್ತು. ಆದರೆ ಅವಳ ದನಿಯ ಜಾಗದಲ್ಲಿ ಪಿಟೀಲು ಹಾಕಿದ್ದರು. ಬಾಯಿ ಅಲುಗುತ್ತಿತ್ತು, ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು.

ಆ ದಿನವೇ ಮಾಧುರಿ ಫೋನು ಮಾಡಿದಳು. "ಆಂಟಿ, ನಾನು ನಿಮ್ಮ ವಾಯ್ಸ್ ಇಟ್ಟಿದ್ದೆ, ಇಂಗ್ಲಿಷ್ ಅರ್ಥ ಭೀ ಹಾಕಿದ್ದೆ. ರೊಕ್ಕಾ ಹಾಕಿದ ಮಂದಿ ನಿಕಾಲ್ ದಿಯಾ. ಮೂಡ್ ಖರಾಬ್ ಆಗ್ತದ ಅಂದ್ರು. ಐ ಆ್ಯಮ್ ಸಾರಿ ಆಂಟಿ."

"ಅವತ್ತ ಅಷ್ಟು ಮಂದ್ಯಾಗ ನನ್ನ ಮಾತು ತಿಳದಾಕಿ ನೀ ಒಬ್ಬಾಕಿ," ಎಂದಳು ಮಹಾದೇವಿ. "ಮೈಕ್ ಅಲ್ಲೇ ಇತ್ತವ್ವ. ನೀ ಹೇಳಬೇಕಿತ್ತು."

ಆಚೆಯಿಂದ ಅಳು ಕೇಳಿಸಿತು. ಮಹಾದೇವಿ ಸಮಾಧಾನ ಹೇಳಲಿಲ್ಲ, ಫೋನು ಇಟ್ಟಳು.

ಸೆಪ್ಟೆಂಬರಿನಲ್ಲಿ ಸಿದ್ದಲಿಂಗಪ್ಪ ತೀರಿಕೊಂಡರು. ಬೆಳಿಗ್ಗೆ ಎಂಟಕ್ಕೆ ಅವರ ಮಗನ ಫೋನು ಬಂತು. ಹನ್ನೊಂದಕ್ಕೆ ಒಯ್ಯುತ್ತಾರೆ, ಅಪ್ಪ ಕೊನೆಯಲ್ಲಿ ನಿಮ್ಮ ಹೆಸರು ಹೇಳುತ್ತಿದ್ದರು ಎಂದ. ನಾಗರತ್ನಾ ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಅವ್ವನ ಕಡೆ ನೋಡಿದಳು.

"ಹೋಗೂಣೇನು? ಸತ್ತವರ ಮ್ಯಾಲ ಏನ ಸಿಟ್ಟು ಯವ್ವ?"

"ನೀ ಬೇಕಾದ್ರ ಹೋಗು," ಎಂದಳು ಮಹಾದೇವಿ. "ಮನ್ಯಾಗ ಜ್ವಾಳದ ಹಿಟ್ಟು ಮುಗದೈತಿ."

ಡಬ್ಬಿಯಿಂದ ಜೋಳ ಮೊರಕ್ಕೆ ಸುರಿದುಕೊಂಡು, ಕಿಟಕಿಯ ಬೆಳಕಿಗೆ ಕುಳಿತು ಹರಳು ಆರಿಸಿದಳು. ಆಮೇಲೆ ಚೀಲಕ್ಕೆ ತುಂಬಿ, ಚಪ್ಪಲಿ ಮೆಟ್ಟಿ, ಹಿಟ್ಟಿನ ಗಿರಣಿಗೆ ಹೋದಳು.